ಬೀಜ, ಕ್ಷೇತ್ರ ಮತ್ತು ಮಾತು: ಪುರುಷನ ಸಂತಾನಹೀನತೆಯ ಸಾಹಿತ್ಯನಿರೂಪಣೆ

೧

ಕನ್ನಡದಲ್ಲಿ ‘ಬಂಜೆ’ ಎಂಬ ಪದವುಂಟು. ಅದಕ್ಕೆ ಸಾಟಿಯಾದ ಪುಲ್ಲಿಂಗರೂಪವಿಲ್ಲ. ಸಂಸ್ಕೃತದ ‘ವಂಧ್ಯಾ’ ಶಬ್ದದಿಂದ ಬಂದ ಈ ಮಾತು ಮಕ್ಕಳನ್ನು ಹೆರದ ಹೆಣ್ಣನ್ನಷ್ಟೇ ಅಲ್ಲದೆ ಬೆಳೆ ಕೊಡದ ನೆಲವನ್ನೂ ಫಲ ಬಿಡದ ಮರವನ್ನೂ ಸೂಚಿಸುವಷ್ಟು ವ್ಯಾಪಕವಾಗಿದೆ. ಅನುಭವವಿಲ್ಲದವರ ಅರಿವಿನ ಮಿತಿಯನ್ನು ಹೇಳಬೇಕಾದಾಗ ವಚನಸಾಹಿತ್ಯ ಬಂಜೆಯ ದೃಷ್ಟಾಂತವನ್ನೇ ಎತ್ತಿಕೊಂಡಿತು. ಜನಪದ ಗೀತೆಗಳಲ್ಲಂತೂ ಬಂಜೆಯ ಅಳಲು ಒಂದು ಸ್ವತಂತ್ರ ವಸ್ತುವಾಗಿಯೇ ಬೆಳೆದಿದೆ. ಆದರೆ ಗಂಡಸಿನ ವಿಷಯಕ್ಕೆ ಬಂದೊಡನೆ ಭಾಷೆ ಬೇರೆ ದಾರಿ ಹಿಡಿಯುತ್ತದೆ. ‘ಷಂಡ’, ‘ನಪುಂಸಕ’ ಮೊದಲಾದ ಪದಗಳು ಹೇಳುವುದು ರತಿಸಾಮರ್ಥ್ಯದ ಅಭಾವವನ್ನು. ಅವು ಬೈಗುಳಾಗಿ ಬಳಕೆಯಲ್ಲಿವೆಯೇ ಹೊರತು ಸ್ಥಿತಿಯೊಂದರ ಹೆಸರಾಗಿ ಅಲ್ಲ. ದಾಂಪತ್ಯಕ್ಕೆ ಸಮರ್ಥನಾಗಿದ್ದೂ ಸಂತಾನವನ್ನು ಪಡೆಯಲಾರದ ಪುರುಷನಿಗೆ ಕನ್ನಡದಲ್ಲಿ ಹೆಸರೇ ಇಲ್ಲ. ಈಚಿನ ವೈದ್ಯಕೀಯ ಬರಹಗಳು ‘ಪುರುಷ ಬಂಜೆತನ’ ಎಂದು ಹೆಣ್ಣಿನ ಪದಕ್ಕೆ ಗಂಡಿನ ವಿಶೇಷಣವನ್ನು ಅಂಟಿಸಿ ಕೆಲಸ ಸಾಗಿಸುತ್ತಿವೆ.

ಹೆಸರಿಲ್ಲದಿರುವುದು ಸ್ಥಿತಿ ವಿರಳವೆಂಬ ಕಾರಣದಿಂದಲ್ಲ. ಸಂತಾನವಿಲ್ಲದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಪುರುಷನ ಕಡೆಯ ಕಾರಣವು ಒಂದಾಗಿಯೋ ಹಲವುಗಳಲ್ಲಿ ಒಂದಾಗಿಯೋ ಇರುತ್ತದೆಂಬುದು ವೈದ್ಯಶಾಸ್ತ್ರದ ಸಾಮಾನ್ಯ ತಿಳಿವಳಿಕೆ. ನೂರು ಗಂಡಸರಲ್ಲಿ ಸುಮಾರು ಒಬ್ಬನ ವೀರ್ಯದಲ್ಲಿ ವೀರ್ಯಾಣುಗಳೇ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಪ್ರಕಟಿಸಿದ ಕೈಪಿಡಿ ಒಂದು ಮಿಲಿಲೀಟರಿಗೆ ೧ ಕೋಟಿ ೬೦ ಲಕ್ಷ ವೀರ್ಯಾಣುಗಳನ್ನು ಕೆಳಗಿನ ಎಣಿಕೆಯಾಗಿ ಕೊಡುತ್ತದೆ. ಹನ್ನೆರಡು ತಿಂಗಳೊಳಗೆ ತಂದೆಯಾಗುವ ಹಾದಿ ಹಿಡಿದ ಗಂಡಸರಲ್ಲಿ ಅತಿ ಕಡಿಮೆ ಎಣಿಕೆಯುಳ್ಳ ನೂರಕ್ಕೆ ಐವರನ್ನು ಬಿಟ್ಟು ಹಾಕಿದ ಗೆರೆ ಅದು. ಗೆರೆಯ ಕೆಳಗಿರುವವನು ತಂದೆಯಾಗಲಾರನೆಂದು ಅದರ ಅರ್ಥವಲ್ಲ. ಈ ವಿವರಗಳಲ್ಲಿ ಯಾವುದೂ ಗಂಡಸಿನ ಮೈಕಟ್ಟಿನಿಂದಾಗಲಿ, ದನಿಯಿಂದಾಗಲಿ, ದಾಂಪತ್ಯದ ಸುಖದಿಂದಾಗಲಿ ಗೊತ್ತಾಗುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಮಾತ್ರ ಗೊತ್ತಾಗುತ್ತದೆ.

ಆದ್ದರಿಂದ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಗ್ರಹಿಸುವುದು ಅವಶ್ಯ: ಪುರುಷತ್ವ, ಬೀಜಶಕ್ತಿ, ಪಿತೃತ್ವ. ಮೊದಲನೆಯದು ದೇಹದ ಸಾಮರ್ಥ್ಯ. ಎರಡನೆಯದು ಕಣ್ಣಿಗೆ ಕಾಣದ ಒಂದು ಎಣಿಕೆ. ಮೂರನೆಯದು ಮನೆ, ಹೆಸರು ಮತ್ತು ಒಪ್ಪಿಗೆಯಿಂದ ಏರ್ಪಡುವ ಸಂಬಂಧ. ಲೋಕವ್ಯವಹಾರ ಈ ಮೂರನ್ನೂ ಒಂದೇ ಗಂಟಾಗಿ ಕಟ್ಟಿದೆ. ಸಾಹಿತ್ಯ ಈ ಗಂಟನ್ನು ಎಷ್ಟರಮಟ್ಟಿಗೆ ಬಿಚ್ಚಿದೆ, ಎಲ್ಲಿ ಬಿಚ್ಚಲಾರದೆ ಹೋಗಿದೆ ಎಂಬುದು ಪ್ರಕೃತ ಪರಿಶೀಲನೆಯ ವಿಷಯ. ಮಹಾಭಾರತದ ಪಾಂಡುವಿನ ಕಥೆ, ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ ಮತ್ತು ‘ಪರ್ವ’, ನೆರೆಯ ತಮಿಳು ಹಿಂದಿಗಳ ಒಂದೊಂದು ಕೃತಿ—ಇವು ಇಲ್ಲಿಯ ಮುಖ್ಯ ಆಧಾರಗಳು.

೨

ಆದಿಪರ್ವದಲ್ಲಿ ಈ ವಸ್ತು ಎರಡು ತಲೆಮಾರುಗಳಲ್ಲಿ ಎರಡು ಸಲ ಬರುತ್ತದೆ. ಎರಡರ ರೀತಿಯೂ ಬೇರೆ. ವಿಚಿತ್ರವೀರ್ಯನು ಮಕ್ಕಳಿಲ್ಲದೆ ಸತ್ತಾಗ ಸತ್ಯವತಿಯು ವ್ಯಾಸನನ್ನು ಕರೆಸುತ್ತಾಳೆ. ಅಂಬಿಕೆಗೆ ಅವಳು ಹೇಳುವುದು ಅರ್ಧ ಮಾತು ಮಾತ್ರ: ಗಂಡನ ಸೋದರನೊಬ್ಬನು ರಾತ್ರಿ ಬರುವನು, ಎಚ್ಚರವಾಗಿರು. ಬರುವವನು ಯಾರೆಂಬುದನ್ನು ಅವಳು ಬಿಡಿಸಿ ಹೇಳುವುದಿಲ್ಲ. ಅಂಬಿಕೆ ಭೀಷ್ಮನನ್ನೂ ಕುರುಕುಲದ ಇತರರನ್ನೂ ನೆನೆಯುತ್ತ ಮಲಗಿರುತ್ತಾಳೆ. ಬಂದವನು ಜಡೆ ಗಡ್ಡಗಳ ಕರಿಯ ತಪಸ್ವಿ; ಅವಳು ಕಣ್ಣು ಮುಚ್ಚುತ್ತಾಳೆ, ಮಗ ಕುರುಡನಾಗುತ್ತಾನೆ. ಅಂಬಾಲಿಕೆ ಬಿಳಿಚಿಕೊಳ್ಳುತ್ತಾಳೆ, ಪಾಂಡು ಹುಟ್ಟುತ್ತಾನೆ. ಈ ಫಲಗಳನ್ನು ಪುರಾಣದ ಚಮತ್ಕಾರವೆಂದು ತಳ್ಳಿಹಾಕದೆ ಕವಿಯ ತೀರ್ಪೆಂದು ಓದುವುದಾದರೆ, ತಿಳಿಸದೆ ಹೇರಿದ ಗರ್ಭದ ಕುರುಹನ್ನು ಮಗುವಿನ ಮೈಮೇಲೆ ಉಳಿಸಿದ ಕಥೆ ಇದು.

ಮುಂದಿನ ತಲೆಮಾರಿನಲ್ಲಿ ಕೊರತೆ ಪಾಂಡುವಿನದು. ಅದರ ಕಾರಣವನ್ನು ಮೂಲಕಥೆ ದೇಹದಲ್ಲಿಡದೆ ಶಾಪದಲ್ಲಿಟ್ಟಿದೆ. ಜಿಂಕೆಯ ರೂಪದಲ್ಲಿ ಸಂಗಮದಲ್ಲಿದ್ದ ಕಿಂದಮನೆಂಬ ಋಷಿಯನ್ನು ಪಾಂಡು ಬಾಣದಿಂದ ಕೊಲ್ಲುತ್ತಾನೆ. ಸ್ತ್ರೀಸಂಗ ಮಾಡಿದೊಡನೆ ಸಾಯೆಂದು ಋಷಿ ಶಪಿಸುತ್ತಾನೆ. ಶಾಪವು ಇಲ್ಲಿ ಒಂದು ಮರೆ. ಅದು ಪುರುಷತ್ವವನ್ನಾಗಲಿ ಬೀಜಶಕ್ತಿಯನ್ನಾಗಲಿ ಅಲ್ಲಗಳೆಯದೆ, ಅವೆರಡೂ ಇದ್ದು ನಿರುಪಯೋಗವಾದವೆಂಬ ಗೌರವವನ್ನು ರಾಜನಿಗೆ ಉಳಿಸಿಕೊಡುತ್ತದೆ. ಹೆಣ್ಣಿಗೆ ಬಂಜೆತನ ಸ್ವಭಾವವೆಂದು, ಗಂಡಿಗೆ ಅದು ಹೊರಗಿನಿಂದ ಬಿದ್ದ ಪೆಟ್ಟೆಂದು ನಿರೂಪಿಸುವ ಪರಂಪರೆಯ ಪಕ್ಷಪಾತವನ್ನು ಇಲ್ಲಿಯೂ ಕಾಣಬಹುದು.

ಆದರೆ ವ್ಯಾಸಭಾರತದ ಹಿರಿಮೆ ಶಾಪದ ಮುಂದಿನ ಭಾಗದಲ್ಲಿದೆ. ಪಾಂಡು ಬಚ್ಚಿಡುವುದಿಲ್ಲ. ಕುಂತಿಯನ್ನು ಏಕಾಂತದಲ್ಲಿ ಕೂರಿಸಿಕೊಂಡು ತನ್ನ ಸ್ಥಿತಿಯನ್ನು ತಾನೇ ಹೇಳುತ್ತಾನೆ. ಧರ್ಮಶಾಸ್ತ್ರ ಒಪ್ಪಿದ ಪುತ್ರರ ಬಗೆಗಳನ್ನು ಎಣಿಸುತ್ತಾನೆ. ಕುಂತಿ ಕೂಡಲೆ ಒಪ್ಪುವುದಿಲ್ಲ. ಅವಳು ವ್ಯುಷಿತಾಶ್ವನೆಂಬ ರಾಜನ ಕಥೆಯನ್ನು ಮುಂದಿಡುತ್ತಾಳೆ. ಅವನ ಪತ್ನಿ ಭದ್ರೆ ಸತ್ತ ಗಂಡನ ದೇಹದಿಂದಲೇ ಮಕ್ಕಳನ್ನು ಪಡೆದಳು, ನೀನು ಬದುಕಿರುವಾಗ ಪರಪುರುಷನೇಕೆ ಎಂಬುದು ಅವಳ ವಾದ. ಪಾಂಡು ಶ್ವೇತಕೇತುವಿನ ಮರ್ಯಾದೆಯನ್ನೂ ಸೌದಾಸನ ಪತ್ನಿ ಮದಯಂತಿಯ ಉದಾಹರಣೆಯನ್ನೂ ಹೇಳಿ, ಕೊನೆಗೆ ತಮ್ಮ ಹುಟ್ಟೇ ವ್ಯಾಸನಿಂದ ಆದುದನ್ನು ನೆನಪಿಸುತ್ತಾನೆ. ತಾಯಿ ಕಣ್ಣೆದುರು ಬಿಳಿಚಿಕೊಂಡ ಗುಟ್ಟನ್ನು ಮಗ ಹೆಂಡತಿಯ ಮುಂದೆ ವಾದದ ಆಧಾರವಾಗಿ ಬಳಸುತ್ತಾನೆಂಬುದು ಗಮನಾರ್ಹ. ಮೂವರು ಮಕ್ಕಳಾದ ಮೇಲೆ ಪಾಂಡು ಇನ್ನೂ ಬೇಕೆಂದಾಗ ಕುಂತಿ ನಿರಾಕರಿಸುತ್ತಾಳೆ. ಆಪತ್ತಿನಲ್ಲಿಯೂ ಮೂರನ್ನು ಮೀರಬಾರದೆಂಬುದು ಅವಳ ನಿಲುವು. ಹೀಗೆ ಗಂಡನ ಕೋರಿಕೆ, ಹೆಂಡತಿಯ ಆಕ್ಷೇಪ, ಉತ್ತರ, ಒಪ್ಪಿಗೆ, ಮಿತಿ ಎಲ್ಲವೂ ಮಾತಿನಲ್ಲಿ ನಡೆದುಹೋಗುತ್ತದೆ. ದೇವತೆಗಳಿಂದ ಹುಟ್ಟಿದ ಐವರನ್ನು ಲೋಕ ‘ಪಾಂಡವ’ರೆಂದೇ ಕರೆಯಿತು, ಬೀಜ ಕೊಡದವನ ಹೆಸರೇ ಅವರ ಹೆಸರಾಯಿತು.

ಇದೇ ಸಂಭಾಷಣೆಯಲ್ಲಿ ಕುಂತಿ ಒಂದನ್ನು ಹೇಳದೆ ಬಿಡುತ್ತಾಳೆ. ದೂರ್ವಾಸನ ಮಂತ್ರವನ್ನು ಹೇಳಿದವಳು ಅದನ್ನು ಆಗಲೇ ಒಮ್ಮೆ ಪ್ರಯೋಗಿಸಿದ್ದನ್ನು ಹೇಳುವುದಿಲ್ಲ. ಪಾಂಡುವಿನ ಕೊರತೆಗೂ ಕರ್ಣನ ಜನ್ಮಕ್ಕೂ ಸಂಬಂಧವಿಲ್ಲ ನಿಜ. ಆದರೆ ಒಂದೇ ಮಂತ್ರದಿಂದ ಬಂದ ಮಕ್ಕಳಲ್ಲಿ ಮಾತಿಗೆ ಬಂದವರು ಕುಲಕ್ಕೆ ಸೇರಿದರು, ಮಾತಿಗೆ ಬಾರದವನು ಹೊರಗುಳಿದನು. ೯೪೧ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ಪಾಂಡುವಿನ ಶಾಪವನ್ನು ಹಾಗೆಯೇ ಇಟ್ಟುಕೊಂಡನು. ಅರಿಕೇಸರಿಯೊಡನೆ ಅಭೇದ ಕಲ್ಪಿಸಿದ ಅರ್ಜುನನ ಜನ್ಮವೇ ಅವನಿಗೆ ಮುಖ್ಯವಾದುದರಿಂದ ತಂದೆಯ ಕೊರತೆ ಕಥೆಯ ನಡೆಗೆ ಒಂದು ಮೆಟ್ಟಿಲಾಯಿತು. ಪಾಂಡುವಿನ ಸಾವಿನಲ್ಲಿ ಶೃಂಗಾರ ಕರುಣಗಳನ್ನು ಬೆಸೆದ ಪಂಪ, ಸಂತಾನಹೀನನಾದ ಅರಸನ ಅಂತರಂಗವನ್ನು ಅದೇ ಪ್ರಮಾಣದಲ್ಲಿ ತೆರೆಯಲಿಲ್ಲ. ಆದರೆ ಮೌನದ ಮಗನಾದ ಕರ್ಣನನ್ನು ಅವನು ಮರೆಯಲಾಗದಂತೆ ಮಾಡಿದನು.

೩

ಧರ್ಮಶಾಸ್ತ್ರಕಾರರು ಇದೇ ಭೇದವನ್ನು ಪಾರಿಭಾಷಿಕವಾಗಿ ಗುರುತಿಸಿದ್ದಾರೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಹನ್ನೆರಡು ಬಗೆಯ ಪುತ್ರರ ಎಣಿಕೆಯಿದೆ. ಗಂಡನ ಮಗ ಔರಸ. ಗಂಡನು ಸತ್ತಾಗ, ರೋಗಿಯಾದಾಗ, ಅಸಮರ್ಥನಾದಾಗ ನಿಯೋಗದಿಂದ ಪಡೆದವನು ಕ್ಷೇತ್ರಜ. ಮನೆಯಲ್ಲಿ ಹುಟ್ಟಿ, ಯಾರ ಮಗನೆಂದು ಗೊತ್ತಾಗದವನು ಗೂಢೋತ್ಪನ್ನ. ಕ್ಷೇತ್ರಜನೂ ಗೂಢೋತ್ಪನ್ನನೂ ಗಂಡನಿಗೇ ಸೇರಿದವರು. ಬೀಜದ ಮಟ್ಟಿಗೆ ಇಬ್ಬರಿಗೂ ವ್ಯತ್ಯಾಸವಿಲ್ಲ. ಒಂದು ಹುಟ್ಟು ಹೇಳಿ ಮಾಡಿದ್ದು, ಇನ್ನೊಂದು ಹೇಳದೆ ಆದದ್ದು. ಅದೇ ಅಧ್ಯಾಯವು ನಿಯೋಗವನ್ನು ಒಂದೆಡೆ ವಿಧಿಸಿ ಇನ್ನೊಂದೆಡೆ ನಿಂದಿಸುತ್ತದೆ. ಮುಂದಿನ ನಿಬಂಧಕಾರರು ಅದನ್ನು ಕಲಿವರ್ಜ್ಯಗಳಲ್ಲಿ ಸೇರಿಸಿದರು. ಪದ್ಧತಿ ವರ್ಜ್ಯವಾದರೂ ಅದನ್ನು ಬೇಡುವ ಕೊರತೆ ವರ್ಜ್ಯವಾಗಲಿಲ್ಲ. ಬಹಿರಂಗದ ದಾರಿ ಮುಚ್ಚಿದಾಗ ಗೂಢದ ದಾರಿಯೊಂದೇ ಉಳಿಯಿತು.

೧೯೬೫ರಲ್ಲಿ ಪ್ರಕಟವಾದ ‘ವಂಶವೃಕ್ಷ’ದ ದುರಂತ ಈ ಗೂಢದ ದಾರಿಯಲ್ಲಿ ಹುಟ್ಟಿದ್ದು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರು ಮಗನನ್ನು ಕಪಿಲಾ ನದಿಯಲ್ಲಿ ಕಳೆದುಕೊಂಡವರು. ವಿಧವೆಯಾದ ಸೊಸೆ ಕಾತ್ಯಾಯಿನಿ ಮರುಮದುವೆಯಾಗಿ ಹೊರಟಾಗ ಮೊಮ್ಮಗನನ್ನು ವಂಶದ ಕುಡಿಯೆಂದು ಉಳಿಸಿಕೊಂಡವರು. ಅಂಥ ಶ್ರೋತ್ರಿಯರಿಗೆ ಮುಪ್ಪಿನಲ್ಲಿ ಹಳೆಯ ಕಾಗದಗಳಿಂದ ತಾವು ತಂದೆಯೆನಿಸಿಕೊಂಡವನ ಬೀಜದಿಂದ ಹುಟ್ಟಿದವರಲ್ಲವೆಂಬುದು ತಿಳಿಯುತ್ತದೆ. ಸಂತಾನ ಪಡೆಯಲಾರದ ಅಣ್ಣ, ಆಸ್ತಿ ದಾಯಾದಿಯಾದ ತಮ್ಮನ ಪಾಲಾಗಬಾರದೆಂಬ ದ್ವೇಷದಿಂದ ಹೊರಗಿನವನೊಬ್ಬನಿಂದ ಹೆಂಡತಿಗೆ ಗರ್ಭ ಮಾಡಿಸಿದ್ದನು. ಶ್ರೋತ್ರಿಯರು ಆಸ್ತಿಯನ್ನು ತಮ್ಮದಲ್ಲವೆಂದು ಬಿಟ್ಟು ಸಂನ್ಯಾಸಕ್ಕೆ ಹೊರಡುತ್ತಾರೆ.

ವಂಶವೆಂಬ ನಂಬಿಕೆಯ ಬುಡವೇ ಸುಳ್ಳಾಗುವ ವ್ಯಂಗ್ಯವಾಗಿ ಈ ಪ್ರಸಂಗವನ್ನು ಓದುವುದು ಸುಲಭ. ಆ ಓದು ತಪ್ಪಲ್ಲ. ಆದರೆ ಅದು ಅಪೂರ್ಣ. ಶ್ರೋತ್ರಿಯರ ವಿದ್ಯೆ, ಸಂಯಮ, ದಾನ, ಸೊಸೆಗೆ ನಿರ್ಧಾರವನ್ನು ಬಿಟ್ಟುಕೊಡುವ ಘನತೆ—ಇವೆಲ್ಲ ಆ ಮನೆಯ ಪಾಠದಿಂದ, ಆ ಮನೆಯ ಆಚಾರದಿಂದ ಬಂದವು. ಬೀಜ ಬೇರೆಯಾದ ಮಾತ್ರಕ್ಕೆ ಅವು ಬೇರೆಯಾಗಲಿಲ್ಲ. ಹಾಗೆ ನೋಡಿದರೆ ವೃಕ್ಷ ಬಿದ್ದದ್ದು ಬೀಜದ ದೋಷದಿಂದಲ್ಲ. ಬಿದ್ದದ್ದು ಎರಡು ಕಾರಣಗಳಿಂದ: ಮಗುವನ್ನು ಬಯಸಿದ ಉದ್ದೇಶ ವಾತ್ಸಲ್ಯವಲ್ಲದೆ ದ್ವೇಷವಾಗಿತ್ತು, ನಡೆದದ್ದನ್ನು ಯಾರೂ ಯಾರಿಗೂ ಹೇಳಲಿಲ್ಲ. ಪಾಂಡು ಹೆಂಡತಿಯ ಮುಂದೆ ಕುಳಿತು ವಾದಿಸಿದ ಜಾಗದಲ್ಲಿ ಇಲ್ಲಿ ಆಜ್ಞೆಯೂ ಪೆಟ್ಟಿಗೆಯೊಳಗಿನ ಕಾಗದವೂ ಇವೆ. ಶ್ರೋತ್ರಿಯರು ಶಾಸ್ತ್ರಜ್ಞರಾದುದರಿಂದ ಕ್ಷೇತ್ರಜನ ಹಕ್ಕನ್ನು ಬಲ್ಲರು. ಆದರೂ ಆ ಹಕ್ಕು ಅವರನ್ನು ಸಮಾಧಾನಪಡಿಸುವುದಿಲ್ಲ. ಶಾಸ್ತ್ರ ಒಪ್ಪುವ ಮಗನಾಗಲು ಬೇಕಾದ ಬಹಿರಂಗ ಸಂಕಲ್ಪ ಅವರ ಹುಟ್ಟಿನಲ್ಲಿ ಇರಲಿಲ್ಲವೆಂಬುದೇ ಅದಕ್ಕೆ ಕಾರಣವೆಂದು ಹೇಳಬಹುದು.

ಕೃತಿಯ ಒಂದು ಕೊರತೆಯನ್ನೂ ಇಲ್ಲಿ ಹೇಳಬೇಕು. ಎಲ್ಲಕ್ಕೂ ಮೂಲನಾದ ಆ ಸಂತಾನಹೀನ ಗಂಡಸು ಕಾದಂಬರಿಯಲ್ಲಿ ಒಂದು ವೃತ್ತಾಂತವಾಗಿ ಮಾತ್ರ ಬರುತ್ತಾನೆ. ಅವನ ಲೋಭ ಗೊತ್ತಾಗುತ್ತದೆ, ಅವಮಾನ ಗೊತ್ತಾಗುವುದಿಲ್ಲ. ತಮ್ಮನ ಕಣ್ಣಿನಲ್ಲಿ, ಊರಿನ ಕಣ್ಣಿನಲ್ಲಿ ಅವನು ಏನನ್ನು ಕಂಡನು, ಆಸ್ತಿಯ ಜಗಳ ಎಷ್ಟರಮಟ್ಟಿಗೆ ಆ ಅವಮಾನದ ಇನ್ನೊಂದು ಮುಖವಾಗಿತ್ತು ಎಂಬ ಪ್ರಶ್ನೆಯನ್ನು ಕೃತಿ ಎತ್ತುವುದಿಲ್ಲ. ಅವನ ಹೆಂಡತಿಯ ಮೌನವೂ ಹಾಗೆಯೇ ಉಳಿಯುತ್ತದೆ.

೪

ಹದಿನಾಲ್ಕು ವರ್ಷಗಳ ಅನಂತರ, ೧೯೭೯ರಲ್ಲಿ ಬಂದ ‘ಪರ್ವ’ದಲ್ಲಿ ಭೈರಪ್ಪನವರು ಅದೇ ವಸ್ತುವಿಗೆ ಅದರ ಮೂಲಕಥೆಯಲ್ಲಿಯೇ ಮರಳಿದರು. ಅವರು ಮಾಡಿದ ಮೊದಲ ಕೆಲಸ ಶಾಪವನ್ನು ತೆಗೆದುಹಾಕಿದ್ದು. ಪಾಂಡುವಿನದು ದೇಹದ ಸ್ಥಿತಿ, ಅದಕ್ಕೆ ಚಿಕಿತ್ಸೆ ಹುಡುಕಬೇಕು, ಫಲಿಸದಿದ್ದರೆ ನಿಯೋಗ. ದೇವತೆಗಳು ಹಿಮಾಲಯದ ಎತ್ತರದಲ್ಲಿ ವಾಸಿಸುವ ಒಂದು ಜನಾಂಗವಾದರು. ಮರೆ ಸರಿದೊಡನೆ ಮೂಲಕಥೆಯಲ್ಲಿ ಅಡಗಿದ್ದ ಪ್ರಶ್ನೆ ನೇರವಾಗಿ ನಿಲ್ಲುತ್ತದೆ: ಪಾಂಡುವಿನ ಬೀಜವಲ್ಲದವರು ಪಾಂಡುವಿನ ರಾಜ್ಯಕ್ಕೆ ಹಕ್ಕುದಾರರೇ? ದುರ್ಯೋಧನನು ಅಲ್ಲವೆನ್ನುತ್ತಾನೆ. ಭೀಷ್ಮನು ನಿಯೋಗದ ಧರ್ಮವನ್ನು ಕೇಳಲು ವ್ಯಾಸನ ಬಳಿಗೆ ಹೋಗುತ್ತಾನೆ. ಬಚ್ಚಿಡದೆ ಮಾಡಿದ ಕಾರ್ಯಕ್ಕೂ ಲೋಕ ಬೆಲೆ ಕೇಳುತ್ತದೆಂಬುದನ್ನು ‘ಪರ್ವ’ ಸ್ಪಷ್ಟಪಡಿಸಿತು. ಮಾತು ಎಲ್ಲವನ್ನೂ ಸರಿಪಡಿಸುತ್ತದೆಂಬ ಸರಳ ತೀರ್ಮಾನಕ್ಕೆ ಅದು ಅವಕಾಶ ಕೊಡುವುದಿಲ್ಲ. ಆದರೆ ಒಂದು ವ್ಯತ್ಯಾಸ ಉಳಿಯುತ್ತದೆ. ದುರ್ಯೋಧನನ ಆಕ್ಷೇಪಕ್ಕೆ ಸಭೆಯಲ್ಲಿ ಉತ್ತರ ಹೇಳಬಹುದು. ಶ್ರೋತ್ರಿಯರ ಕೈಗೆ ಸಿಕ್ಕ ಕಾಗದಕ್ಕೆ ಉತ್ತರ ಹೇಳುವವರೇ ಬದುಕಿರಲಿಲ್ಲ.

‘ಪರ್ವ’ದಲ್ಲಿ ಪಾಂಡುವಿನ ಕಥೆ ಕುಂತಿಯ ನೆನಪಿನಲ್ಲಿ ಬರುತ್ತದೆ. ಇದರಿಂದ ಹೆಣ್ಣಿನ ಮನಸ್ಸು ಅಪೂರ್ವವಾಗಿ ತೆರೆದುಕೊಂಡಿತು. ಅವಳ ಆಸೆ, ತಾಳ್ಮೆ, ಮಾದ್ರಿಯ ಬಗೆಗಿನ ಕಹಿ, ನಿಯೋಗದಲ್ಲಿ ದೊರೆತ ಅನುಭವ ಯಾವುದನ್ನೂ ಲೇಖಕರು ಮುಚ್ಚಿಲ್ಲ. ಆದರೆ ಪಾಂಡುವನ್ನು ಹೆಂಡತಿಯ ಕಣ್ಣಿನಿಂದಲೇ ನೋಡಬೇಕು. ಭೀಮನಿಗೆ, ಕರ್ಣನಿಗೆ, ದ್ರೋಣನಿಗೆ ದೊರೆತ ಸ್ವಗತ ಸತ್ತುಹೋದ ಪಾಂಡುವಿಗೆ ದೊರೆಯಲಿಲ್ಲ. ಮಿಗಿಲಾಗಿ, ಅವನ ಕೊರತೆ ಇಲ್ಲಿಯೂ ಮುಖ್ಯವಾಗಿ ಪುರುಷತ್ವದ ಕೊರತೆಯೇ. ಪುರುಷತ್ವವಿದ್ದೂ ಬೀಜವಿಲ್ಲದವನ ಸ್ಥಿತಿ ಈ ಮಹಾಕಾದಂಬರಿಯ ಹೊರಗೇ ಉಳಿಯಿತು. ಶಾಪವನ್ನು ತೆಗೆದ ಕಾದಂಬರಿಕಾರರು ಪುರುಷತ್ವ ಮತ್ತು ಬೀಜಶಕ್ತಿಗಳ ಗಂಟನ್ನು ಬಿಚ್ಚಲಿಲ್ಲ.

೫

ಆ ಗಂಟನ್ನು ಬಿಚ್ಚಿದ ಕೃತಿ ನೆರೆಯ ತಮಿಳಿನಲ್ಲಿದೆ. ೨೦೧೦ರಲ್ಲಿ ಪ್ರಕಟವಾದ ಪೆರುಮಾಳ್ ಮುರುಗನ್ ಅವರ ‘ಮಾದೊರುಬಾಗನ್’ ಕಾದಂಬರಿಯ ನಾಯಕ ಕಾಳಿ, ಬ್ರಿಟಿಷರ ಕಾಲದ ತಿರುಚೆಂಗೋಡಿನ ಸೀಮೆಯ ಒಕ್ಕಲಿಗ. ಕಾಳಿಗೂ ಪೊನ್ನಾಳಿಗೂ ಮದುವೆಯಾಗಿ ಹನ್ನೆರಡು ವರ್ಷಗಳಾದರೂ ಮಕ್ಕಳಿಲ್ಲ. ಆದರೆ ಅವರ ದಾಂಪತ್ಯದಲ್ಲಿ ಪ್ರೀತಿಗಾಗಲಿ ದೇಹಸುಖಕ್ಕಾಗಲಿ ಕೊರತೆಯಿಲ್ಲ. ಊರು ಮಾತ್ರ ಇಬ್ಬರನ್ನೂ ಬಿಡುವುದಿಲ್ಲ. ಅವಳನ್ನು ಶುಭಕಾರ್ಯಗಳಿಂದ ದೂರವಿಡುತ್ತದೆ, ಅವನ ಗಂಡಸುತನವನ್ನು ಹಾಸ್ಯ ಮಾಡುತ್ತದೆ. ಕಾಳಿ ಎರಡನೆಯ ಮದುವೆಯನ್ನು ಒಲ್ಲನು. ಜಾತ್ರೆಯ ಕೊನೆಯ ರಾತ್ರಿ ಮಕ್ಕಳಿಲ್ಲದ ಹೆಂಗಸರು ಅಪರಿಚಿತನೊಬ್ಬನನ್ನು ದೇವರೆಂದೇ ಭಾವಿಸಿ ಕೂಡಬಹುದೆಂಬ, ಹಾಗೆ ಹುಟ್ಟಿದ ಮಗುವನ್ನು ದೇವರು ಕೊಟ್ಟ ಮಗುವೆನ್ನುವ ಪದ್ಧತಿಯನ್ನು ಕಾದಂಬರಿ ಚಿತ್ರಿಸುತ್ತದೆ. ಕಾಳಿ ಒಪ್ಪುವುದಿಲ್ಲ. ಮನೆಯವರು ಅವನು ಒಪ್ಪಿದನೆಂದು ಪೊನ್ನಾಳಿಗೆ ಹೇಳಿ ಅವಳನ್ನು ಜಾತ್ರೆಗೆ ಕಳಿಸುತ್ತಾರೆ.

ಈ ಕೃತಿಯ ಮೇಲೆ ೨೦೧೪ರ ಕೊನೆಯಲ್ಲಿ ಎದ್ದ ಪ್ರತಿಭಟನೆ, ೨೦೧೫ರ ಜನವರಿಯಲ್ಲಿ ಲೇಖಕರು ತಮ್ಮೊಳಗಿನ ಬರಹಗಾರ ಸತ್ತನೆಂದು ಘೋಷಿಸಿದ್ದು, ೨೦೧೬ರ ಜುಲೈಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತದ್ದು ಚೆನ್ನೈಯ ಕನ್ನಡಿಗರಿಗೆ ಹೊಸ ಸುದ್ದಿಯಲ್ಲ. ಆ ಗದ್ದಲದಲ್ಲಿ ಚರ್ಚೆಯಾದದ್ದು ಊರಿನ ಮಾನ, ಹೆಣ್ಣಿನ ಶೀಲ, ಲೇಖಕನ ಸ್ವಾತಂತ್ರ್ಯ. ಕೃತಿಯ ನಡುವೆ ಕುಳಿತಿರುವ ಕಾಳಿಯ ನೋವು ಅಲ್ಲಿಯೂ ಚರ್ಚೆಗೆ ಬರಲಿಲ್ಲ. ಸಮಾಜ ಪದ್ಧತಿಯೊಂದನ್ನು ಒದಗಿಸಿಕೊಟ್ಟರೆ ಸಾಲದು. ಅದಕ್ಕೆ ಗಂಡನ ಒಪ್ಪಿಗೆಯೂ ಹೆಂಡತಿಯ ಅರಿವೂ ಬೇಕೆಂಬುದು ಕಾದಂಬರಿಯ ಮರ್ಮ. ಸುಳ್ಳು ಹೇಳಿದವರೆಲ್ಲರೂ ಅವರ ಹಿತೈಷಿಗಳೇ. ದ್ವೇಷವಿಲ್ಲದೆಯೂ ಗೂಢವು ಮನೆಯನ್ನು ಒಡೆಯಬಲ್ಲುದೆಂಬುದನ್ನು ‘ವಂಶವೃಕ್ಷ’ಕ್ಕೆ ಹೋಲಿಸಿ ನೋಡಿದಾಗ ಇದು ಇನ್ನೂ ತೀಕ್ಷ್ಣವಾಗಿ ತೋರುತ್ತದೆ.

ಹಿಂದಿಯಲ್ಲಿ ಸುರೇಂದ್ರ ವರ್ಮಾ ಅವರ ‘ಸೂರ್ಯ ಕೀ ಅಂತಿಮ್ ಕಿರಣ್ ಸೇ ಸೂರ್ಯ ಕೀ ಪಹಲೀ ಕಿರಣ್ ತಕ್’ ನಾಟಕವು ಕಾಲವನ್ನು ಒಂದು ರಾತ್ರಿಗೆ ಇಳಿಸಿಕೊಂಡಿದೆ. ಮಲ್ಲರಾಜ್ಯದ ಓಕ್ಕಾಕನು ಅಸಮರ್ಥ. ಉತ್ತರಾಧಿಕಾರಿಗಾಗಿ ಅಮಾತ್ಯರು ರಾಣಿ ಶೀಲವತಿಯನ್ನು ಒಂದು ರಾತ್ರಿಗೆ ಬೇರೊಬ್ಬನನ್ನು ವರಿಸುವಂತೆ ಕಟ್ಟುಪಡಿಸುತ್ತಾರೆ. ಸಂಜೆಯಿಂದ ಬೆಳಗಿನವರೆಗೆ ಅರಮನೆಯಲ್ಲಿ ಎಚ್ಚರವಾಗಿರುವ ರಾಜನ ಯಾತನೆ ಪ್ರೇಕ್ಷಕನ ಕಣ್ಣೆದುರಿಗೇ ನಡೆಯುತ್ತದೆ. ಬೆಳಗ್ಗೆ ಮರಳಿದ ರಾಣಿ ಕರ್ತವ್ಯದ ಮಾತನ್ನಾಡುವುದಿಲ್ಲ. ತನಗೆ ದೊರೆತ ಸುಖದ ಮಾತನ್ನಾಡುತ್ತಾಳೆ. ಅಮೋಲ್ ಪಾಲೇಕರ್ ಅವರು ಇದನ್ನೇ ಆಧರಿಸಿ ೨೦೦೩ರಲ್ಲಿ ‘ಅನಾಹತ್’ ಎಂಬ ಮರಾಠಿ ಚಿತ್ರವನ್ನು ತೆಗೆದರು. ಪುರುಷತ್ವ ಮತ್ತು ಬೀಜಶಕ್ತಿಗಳು ಈ ನಾಟಕದಲ್ಲಿಯೂ ಬೆಸೆದೇ ಇವೆ. ಆದರೆ ಪಾಂಡುವಿಗೆ ಕನ್ನಡದಲ್ಲಿ ಸಿಗದ ರಂಗಸ್ಥಳ ಓಕ್ಕಾಕನಿಗೆ ಸಿಕ್ಕಿತು. ಕನ್ನಡದ ಕೃತಿಗಳು ಹಕ್ಕು, ವಂಶ, ಧರ್ಮಗಳ ಕಡೆಯಿಂದ ಈ ವಸ್ತುವನ್ನು ಆಳವಾಗಿ ಕಂಡಿವೆ. ಕೊರತೆಯುಳ್ಳ ಗಂಡಸಿನ ಒಳಗಿನಿಂದ ಕಂಡವು ನೆರೆಯವರ ಕೃತಿಗಳು. ಕನ್ನಡದೊಡನೆ ತಮಿಳನ್ನೋ ಮರಾಠಿ ಹಿಂದಿಗಳನ್ನೋ ನಿತ್ಯ ಬಳಸುವ ಹೊರನಾಡ ಕನ್ನಡಿಗನಿಗೆ ಈ ಹೋಲಿಕೆ ಸಹಜವಾಗಿಯೇ ಒದಗುತ್ತದೆ.

೬

ಇದೆಲ್ಲ ಹಳೆಯ ಕಾಲದ ಚಿಂತೆಯೆಂದೂ, ವಿಜ್ಞಾನವು ನಿಯೋಗವನ್ನು ಅನವಶ್ಯಕಗೊಳಿಸಿತೆಂದೂ ಯಾರಾದರೂ ಹೇಳಬಹುದು. ವಿಜ್ಞಾನದ ಇತಿಹಾಸವೇ ಈ ಮಾತನ್ನು ಒಪ್ಪುವುದಿಲ್ಲ. ದಾನಿಯ ವೀರ್ಯದಿಂದ ವೈದ್ಯರು ಗರ್ಭ ಮಾಡಿದ, ದಾಖಲೆಗೆ ಬಂದ ಮೊದಲ ಪ್ರಸಂಗವೆಂದು ಸಾಮಾನ್ಯವಾಗಿ ಹೇಳಲಾಗುವುದು ೧೮೮೪ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ನಡೆಯಿತು. ಮಕ್ಕಳಿಲ್ಲದ ವರ್ತಕ ದಂಪತಿ ವಿಲಿಯಂ ಪ್ಯಾನ್‌ಕೋಸ್ಟ್ ಎಂಬ ವೈದ್ಯರಲ್ಲಿಗೆ ಬಂದಾಗ ಮೊದಲು ಪರೀಕ್ಷೆಗೆ ಒಳಗಾದವಳು ಹೆಂಡತಿ. ಅವಳಲ್ಲಿ ದೋಷ ಕಾಣದೆ ಹೋದ ಮೇಲೆ ಗಂಡನನ್ನು ಪರೀಕ್ಷಿಸಿದರು. ಅವನ ವೀರ್ಯದಲ್ಲಿ ವೀರ್ಯಾಣುಗಳಿರಲಿಲ್ಲ. ವೈದ್ಯರು ಅವಳಿಗೆ ಕ್ಲೋರೋಫಾರಂ ಕೊಟ್ಟು, ವಿದ್ಯಾರ್ಥಿಯೊಬ್ಬನ ವೀರ್ಯವನ್ನು ಗರ್ಭದಲ್ಲಿ ಸೇರಿಸಿದರು. ಗಂಡನಿಗೆ ಅನಂತರ ತಿಳಿಸಿದರು. ಅವನು ಒಪ್ಪಿ, ಹೆಂಡತಿಗೆ ಹೇಳಬಾರದೆಂದು ಕೇಳಿಕೊಂಡನು. ಗಂಡು ಮಗು ಹುಟ್ಟಿತು. ಆಗ ವಿದ್ಯಾರ್ಥಿಯಾಗಿದ್ದ ಒಬ್ಬ ವೈದ್ಯರು ೧೯೦೯ರಲ್ಲಿ ಬರೆದು ತಿಳಿಸುವವರೆಗೆ ವಿಷಯ ಹೊರಬೀಳಲಿಲ್ಲ. ಅಂಬಿಕೆಗೆ ಕಣ್ಣು ಮುಚ್ಚುವ ಸ್ವಾತಂತ್ರ್ಯವಾದರೂ ಇತ್ತು. ಈ ಹೆಣ್ಣಿನ ಕಣ್ಣುಗಳನ್ನು ಔಷಧ ಮುಚ್ಚಿಸಿತು.

ಅನಂತರದ ಪ್ರಗತಿ ದೊಡ್ಡದು. ಹೆಪ್ಪುಗಟ್ಟಿಸಿಟ್ಟ ವೀರ್ಯದಿಂದ ೧೯೫೩ರಲ್ಲಿ ಗರ್ಭ ನಿಂತ ವರದಿ ಬಂದಿತು. ದೇಹದ ಹೊರಗೆ ಅಂಡವನ್ನು ಫಲಿತಗೊಳಿಸಿದ ಮೊದಲ ಮಗು ೧೯೭೮ರ ಜುಲೈ ೨೫ರಂದು ಇಂಗ್ಲೆಂಡಿನಲ್ಲಿ ಹುಟ್ಟಿತು. ಅದೇ ವರ್ಷದ ಅಕ್ಟೋಬರ್ ೩ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಇನ್ನೊಂದು ಮಗು. ಅಧಿಕಾರಿಗಳು ನಂಬದೆ ಹೋದುದರಿಂದ ನೊಂದ ಆ ವೈದ್ಯರು ೧೯೮೧ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದೂಜಾ ಮತ್ತು ಸಂಗಡಿಗರ ಕೆಲಸದಿಂದ ೧೯೮೬ರ ಆಗಸ್ಟ್ ೬ರಂದು ಹುಟ್ಟಿದ ಮಗುವಿನಿಂದ ಭಾರತದಲ್ಲಿ ಈ ಚಿಕಿತ್ಸೆ ಬೇರೂರಿತು. ಆದರೆ ಪುರುಷನ ಕೊರತೆಗೆ ನಿಜವಾದ ತಿರುವು ಬಂದದ್ದು ೧೯೯೨ರಲ್ಲಿ. ಒಂದೇ ಒಂದು ವೀರ್ಯಾಣುವನ್ನು ಸೂಕ್ಷ್ಮವಾದ ಸೂಜಿಯಿಂದ ಅಂಡದೊಳಗೆ ಸೇರಿಸಿ ಗರ್ಭ ಪಡೆದ ವರದಿಯನ್ನು ಬ್ರಸೆಲ್ಸಿನ ವೈದ್ಯರು ಆ ವರ್ಷ ಪ್ರಕಟಿಸಿದರು. ಕೋಟಿಗಟ್ಟಲೆ ಬೇಕಾಗಿದ್ದಲ್ಲಿ ಒಂದು ಸಾಕಾಯಿತು. ವೀರ್ಯದಲ್ಲಿ ಕಾಣದಿದ್ದರೆ ಅನೇಕ ವೇಳೆ ವೃಷಣದಿಂದಲೇ ಅದನ್ನು ಹುಡುಕಿ ತೆಗೆಯಬಹುದು. ಹಿಂದೆ ಕ್ಷೇತ್ರಜನಲ್ಲದೆ ಬೇರೆ ಗತಿಯಿಲ್ಲದವನು ಔರಸಪುತ್ರನನ್ನು ಪಡೆಯುವಂತಾಯಿತು.

ಈ ಔರಸತ್ವದಲ್ಲಿಯೂ ಒಂದು ತೊಡಕಿದೆ. ಕೆಲವು ಗಂಡಸರಲ್ಲಿ ವೈ ವರ್ಣತಂತುವಿನ ಒಂದು ಚೂರು ಇಲ್ಲದಿರುವುದೇ ವೀರ್ಯಾಣುಗಳ ಕೊರತೆಗೆ ಕಾರಣ. ಆ ವರ್ಣತಂತು ತಂದೆಯಿಂದ ಮಗನಿಗೆ ಹೋಗುವಂಥದು. ಸೂಜಿಯ ನೆರವಿನಿಂದ ಹುಟ್ಟಿದ ಮಗ ತಂದೆಯ ಬೀಜದ ಜೊತೆಗೆ ಬೀಜದ ಕೊರತೆಯನ್ನೂ ಪಡೆಯುತ್ತಾನೆ. ಆದ್ದರಿಂದಲೇ ಅಂಥ ದಂಪತಿಗಳಿಗೆ ಮೊದಲೇ ತಿಳಿಸಿ ಹೇಳುವುದು ವೈದ್ಯರ ಕರ್ತವ್ಯವಾಗಿದೆ. ಬೀ‌ಜವೇ ವಂಶವೆಂದು ಹಟ ಹಿಡಿದರೂ ಮಾತಿನಿಂದ ತಪ್ಪಿಸಿಕೊಳ್ಳುವಂತಿಲ್ಲ: ಮಗನಿಗೆ ಒಂದು ದಿನ ಹೇಳಲೇಬೇಕು.

ಬೀಜ ಎಲ್ಲಿಯೂ ದೊರೆಯದವರಿಗೆ ದಾನಿಯ ವೀರ್ಯವೇ ಗತಿ. ಭಾರತದಲ್ಲಿ ೨೦೨೧ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಅಧಿನಿಯಮವು ೨೦೨೨ರ ಜನವರಿ ೨೫ರಿಂದ ಜಾರಿಗೆ ಬಂದಿದೆ. ವೀರ್ಯದಾನಿಯ ವಯಸ್ಸು ೨೧ರಿಂದ ೫೫ರೊಳಗಿರಬೇಕು. ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗಳಿಗೆ ಕೊಡುವಂತಿಲ್ಲ. ಚಿಕಿತ್ಸೆ ಬಯಸುವವರೆಲ್ಲರ ಲಿಖಿತ ಒಪ್ಪಿಗೆ ಬೇಕು. ದಾನಿಗೆ ಮಗುವಿನ ಮೇಲೆ ಹಕ್ಕಿಲ್ಲ. ಹುಟ್ಟಿದ ಮಗುವನ್ನು ಆ ದಂಪತಿಗಳ ಜೈವಿಕ ಮಗುವೆಂದೇ ಭಾವಿಸತಕ್ಕದ್ದು. ‘ಭಾವಿಸತಕ್ಕದ್ದು’ ಎಂಬ ಈ ಮಾತು ವಿಮರ್ಶಕನ ಗಮನಕ್ಕೆ ಅರ್ಹವಾದದ್ದು. ಜೈವಿಕವಲ್ಲದ್ದನ್ನು ಜೈವಿಕವೆಂದು ಕರೆಯುವುದರಿಂದ ಕಾನೂನು ಮಗುವಿಗೆ ಕ್ಷೇತ್ರಜನ ಸ್ಥಾನವನ್ನಲ್ಲ, ಔರಸನ ಸ್ಥಾನವನ್ನೇ ಕೊಟ್ಟಿತು. ದುರ್ಯೋಧನನ ಆಕ್ಷೇಪಕ್ಕೆ ಇದು ಸಂಪೂರ್ಣ ಉತ್ತರ. ಶ್ರೋತ್ರಿಯರ ಕಾಗದಕ್ಕೆ ಇದು ಉತ್ತರವಲ್ಲ. ಬ್ರಿಟನ್ನಿನಲ್ಲಿ ೨೦೦೫ರ ಏಪ್ರಿಲ್ ೧ರ ಅನಂತರ ದಾನ ಮಾಡಿದವರ ಗುರುತನ್ನು ಮಗು ೧೮ ವರ್ಷ ತುಂಬಿದ ಮೇಲೆ ಕೇಳಿ ತಿಳಿಯಬಹುದೆಂಬ ನಿಯಮವಿದೆ. ಯಾವ ದೇಶದ ಕಾನೂನೂ ತಂದೆಯ ಬಾಯಿಂದ ಮಾತು ಹೊರಡಿಸಲಾರದು.

ಜನಪ್ರಿಯ ಕಲೆ ಈ ಹೊಸ ಲೋಕವನ್ನು ನಗುವಿನಿಂದ ಸ್ವಾಗತಿಸಿತು. ೨೦೧೨ರ ಹಿಂದೀ ಚಿತ್ರ ‘ವಿಕಿ ಡೋನರ್’ ದೆಹಲಿಯ ಒಬ್ಬ ವೀರ್ಯದಾನಿಯನ್ನು ನಾಯಕನನ್ನಾಗಿ ಮಾಡಿ, ನಾಚಿಕೆಯ ವಿಷಯವನ್ನು ಮನೆಮಂದಿಯೆಲ್ಲ ಕೂತು ನೋಡುವಂತೆ ಮಾಡಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಅದರ ನಾಯಕ ಬೀಜ ತುಂಬಿದವನು. ಬೀಜವಿಲ್ಲದ ಗಂಡಂದಿರು ಚಿಕಿತ್ಸಾಲಯದ ಕುರ್ಚಿಗಳಲ್ಲಿ ಕುಳಿತು, ಮಗುವಾದಾಗ ನಕ್ಕು, ಕಥೆಯಿಂದ ಹೊರಟುಹೋಗುತ್ತಾರೆ. ಅವರು ಮನೆಗೆ ಹೋಗಿ ಏನು ಮಾತಾಡಿದರೆಂಬುದನ್ನು ಚಿತ್ರ ಕೇಳುವುದಿಲ್ಲ.

೭

ಇಷ್ಟರಿಂದ ಒಂದು ತೀರ್ಮಾನಕ್ಕೆ ಬರಬಹುದು. ಪಾಂಡು, ಶ್ರೋತ್ರಿಯರ ತಂದೆ, ಕಾಳಿ, ಫಿಲಡೆಲ್ಫಿಯದ ವರ್ತಕ—ಈ ನಾಲ್ವರಿಗೂ ಕೊರತೆ ಒಂದೇ ಬಗೆಯದಲ್ಲದಿದ್ದರೂ ಅವರ ಮುಂದಿದ್ದ ಪ್ರಶ್ನೆ ಒಂದೇ. ತಾನೇ ಮಾತಾಡಿದವನು ಪಾಂಡು ಒಬ್ಬನು. ಅವನ ಹೆಸರು ಮಕ್ಕಳ ಹೆಸರಾಗಿ ನಿಂತಿತು. ಉಳಿದ ಕಡೆಗಳಲ್ಲಿ ಗಂಡನೋ, ಮನೆಯವರೋ, ವೈದ್ಯರೋ ಹೆಣ್ಣಿಗಾಗಲಿ ಮಗುವಿಗಾಗಲಿ ಹೇಳದೆ ಕಾರ್ಯ ಮುಗಿಸಿದರು. ‘ವಂಶವೃಕ್ಷ’ವೂ ‘ಮಾದೊರುಬಾಗನ್’ ಕೃತಿಯೂ ತೋರಿಸುವ ಹಾನಿ ಪರಬೀಜದಿಂದ ಆದುದಲ್ಲ, ಬಚ್ಚಿಟ್ಟದ್ದರಿಂದ ಆದುದು. ಪಿತೃತ್ವಕ್ಕೆ ಬೀಜ ಒಂದು ದಾರಿಯಾಗಬಹುದು. ಅದಿಲ್ಲದೆಡೆಯಲ್ಲಿ ತಿಳಿದು, ಒಪ್ಪಿ, ಹೇಳಿ ಮಗುವನ್ನು ತನ್ನದೆಂದುಕೊಳ್ಳುವುದು ಇನ್ನೊಂದು ದಾರಿ. ಆ ದಾರಿಯನ್ನು ವ್ಯಾಸಭಾರತ ಬಹಳ ಹಿಂದೆಯೇ ತೋರಿಸಿದೆ.

ಹೊರನಾಡಿನ ನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆ ಗ್ರಂಥಗಳಲ್ಲಿ ಮಾತ್ರ ಉಳಿದಿಲ್ಲ. ಚಿಕಿತ್ಸಾಲಯದ ವರದಿ ಇಂಗ್ಲಿಷಿನಲ್ಲಿರುತ್ತದೆ. ವೈದ್ಯರ ಮಾತು ಆ ಊರಿನ ಭಾಷೆಯಲ್ಲಿರಬಹುದು. ಊರಿನಿಂದ ದೂರವಾಣಿಯಲ್ಲಿ ವಿಚಾರಿಸುವ ಹಿರಿಯರಿಗೆ ಮಾತ್ರ ಕನ್ನಡದಲ್ಲಿಯೇ ಉತ್ತರ ಕೊಡಬೇಕು. ಆ ಉತ್ತರ ಹೆಂಡತಿಯ ಕಡೆಗೆ ವಾಲುವುದು ಸುಲಭ. ಅವಳಿಗಾಗಿ ಭಾಷೆಯಲ್ಲಿ ಪದ ಸಿದ್ಧವಾಗಿದೆ. ಗಂಡನ ಸ್ಥಿತಿಯನ್ನು ಬೈಗುಳಿಲ್ಲದೆ, ಶಾಪದ ಮರೆಯಿಲ್ಲದೆ ಹೇಳುವ ಪದಗಳನ್ನು ವೈದ್ಯರು ಒಬ್ಬರೇ ಕಟ್ಟಲಾರರು. ಕುಂತಿಯ ಬಾಯಿಂದ ಆಧುನಿಕ ಕನ್ನಡದಲ್ಲಿ ಮಾತಾಡಿಸಿದ ಸಾಹಿತ್ಯ, ಪಾಂಡುವಿನ ಬಾಯಿಂದಲೂ ಒಮ್ಮೆ ಮಾತಾಡಿಸಬೇಕಾಗಿದೆ. ಸೂಕ್ಷ್ಮದರ್ಶಕ ಕಂಡುಕೊಟ್ಟ ಸಂಗತಿಯನ್ನು ಮನೆಯ ಮಾತಾಗಿ ಪರಿವರ್ತಿಸುವ ಆ ಕೃತಿಗಾಗಿ ಕನ್ನಡ ಓದುಗರು ಕಾದಿದ್ದಾರೆ.